ಬೇಲಿಯಾಚೆಯ ಚಹಾ

ಚಿತ್ರ ಮೇಲಿನಿಂದ ಕೆಳಕ್ಕೆ ಎಳೆ ಎಳೆಯಾಗಿ ಇಳಿಯುತ್ತಿತ್ತು. ಇಳಕಲ್ಲಿನ ಚಾಂದಸಾಬನ ಇಂಟರ್ನೆಟ್ ಅಂಗಡಿಯಲ್ಲಿ ಯಾವ ಚಿತ್ರವೂ ಒಮ್ಮೆಲೇ ಬರುವುದಿಲ್ಲ. ಮಗ್ಗದ ಮೇಲೆ ಸೀರೆ ಬೆಳೆದ ಹಾಗೆ ಬೆರಳಗಲ ಬೆರಳಗಲ ಬೆಳೆಯುತ್ತದೆ. ಡಾಕ್ಟರ್ ಶಾಕಂಬರಿಗೆ ಅದರಿಂದ ಬೇಸರವಿರಲಿಲ್ಲ. ನೇಕಾರರ ಮನೆಯಲ್ಲಿ ಹುಟ್ಟಿದವಳಿಗೆ ಕಾಯುವುದು ಹೊಸದಲ್ಲ. ಮೊದಲು ಒಂದು ಬಿಳಿ ತಟ್ಟೆಯ ಅಂಚು ಬಂತು, ಆಮೇಲೆ ಕೈಗವಸು ಹಾಕಿದ ಒಂದು ಬೆರಳಿನ ತುದಿ, ಅದರ ಕೆಳಗೆ ಏನೋ ಕಪ್ಪು. ಕಪ್ಪಲ್ಲ, ನೀಲಿಯೂ ಅಲ್ಲ. ಬಣ್ಣದ ಗಡಿಗೆಯಿಂದ ಆಗಷ್ಟೇ ಎತ್ತಿದ, ಇನ್ನೂ ನೀರು ತೊಟ್ಟಿಕ್ಕುವ ರೇಷ್ಮೆಯ ಲಡಿಗೆ ಇರುತ್ತದಲ್ಲ, ಆ ಬಣ್ಣ. ಚಿತ್ರ ಅರ್ಧವೂ ಆಗಿರಲಿಲ್ಲ, ಆಕೆಗೆ ಗುರುತು ಸಿಕ್ಕಿತು. ಇದು ಕುರಿಯ ಮೂತ್ರಪಿಂಡ. ಈ ಬಣ್ಣವನ್ನು ಆಕೆ ನೋಡಿದ್ದಳು. ತನ್ನ ಅಂಗೈಯಲ್ಲೇ ಹಿಡಿದು ನೋಡಿದ್ದಳು, ಬೇವೂರಿನ ಆಚೆ, ಒಂದು ಜಾಲಿಮರದ ಕೆಳಗೆ, ಎಂಟು ವರ್ಷದ ಹಿಂದೆ. ಆಗ ಅನ್ನಿಸಿದ್ದು ಇಷ್ಟೇ: ಅಪ್ಪ ಇದ್ದಿದ್ದರೆ ಈ ಬಣ್ಣದ ಸೀರೆ ನೇಯುತ್ತಿದ್ದ.

ಗುರುವಾರ ಮಧ್ಯಾಹ್ನ ಹುನಗುಂದದ ದನದ ದವಾಖಾನೆಗೆ ಬರುವವರು ಕಡಿಮೆ. ಅರ್ಧ ದಿನದ ರಜೆ ಬರೆದಿಟ್ಟು, ಬಸ್ಸು ಹತ್ತಿ, ಇಳಕಲ್ಲಿನ ಈ ಮೂರನೆಯ ನಂಬರಿನ ಕುರ್ಚಿಗೆ ಬಂದು ಕೂಡುವುದು ನಾಲ್ಕು ತಿಂಗಳಿಂದ ಅಭ್ಯಾಸವಾಗಿತ್ತು. ಪಶುವೈದ್ಯರಿಗೆಂದೇ ಇದ್ದ ಒಂದು ವೆಬ್‌ಸೈಟು. ಅದರಲ್ಲಿ ಪಾಠಗಳು, ರೋಗದ ಚಿತ್ರಗಳು, ಪಾಠದ ಕೊನೆಗೆ ಪ್ರಶ್ನೆಗಳು, ಎಲ್ಲ ಮುಗಿಸಿದರೆ ಒಂದು ಪ್ರಮಾಣಪತ್ರ. ಐವತ್ತೆರಡರ ವಯಸ್ಸಿನಲ್ಲಿ ಪ್ರಮಾಣಪತ್ರ ಏತಕ್ಕೆ ಎಂದು ಯಾರೂ ಕೇಳಿರಲಿಲ್ಲ, ಏಕೆಂದರೆ ಆಕೆ ಯಾರಿಗೂ ಹೇಳಿರಲಿಲ್ಲ. ಬಾಗಲಕೋಟೆಯ ಸಭೆಯೊಂದರಲ್ಲಿ ಎದ್ದು ನಿಂತು ಒಂದು ಔಷಧದ ಬಗ್ಗೆ ಕೇಳಿದ್ದಳು. ಬೀದರಿನ ಕಾಲೇಜಿನಿಂದ ಹೊಸದಾಗಿ ಬಂದ ತರುಣ ಡಾಕ್ಟರು, "ಮೇಡಂ, ಅದು ನಿಂತು ಹತ್ತು ವರ್ಷ ಆತ್ರಿ" ಎಂದಿದ್ದ. ಎಲ್ಲರೂ ನಕ್ಕರು. ಆಕೆಯೂ ನಕ್ಕಳು, ಎಲ್ಲರಿಗಿಂತ ಸ್ವಲ್ಪ ಹೆಚ್ಚೇ. ಆದರೆ ಅದೇ ಹುಡುಗ ಚಹಾದ ಹೊತ್ತಿಗೆ ಪಕ್ಕಕ್ಕೆ ಬಂದು, ತಲೆ ತಗ್ಗಿಸಿ, ಬಸ್ಸಿನ ಟಿಕೀಟಿನ ಹಿಂದೆ ಈ ವಿಳಾಸ ಬರೆದು ಕೊಟ್ಟಿದ್ದ. ಅಕ್ಷರ ಒಂದೊಂದೂ ಬಿಡಿಬಿಡಿಯಾಗಿ, ಹೆದರಿ ಬರೆದಂತೆ. ಆ ನಗೆಯನ್ನು ಮರೆಯುವುದಕ್ಕೆ ಆಗದಿದ್ದರೂ ಆ ಟಿಕೀಟನ್ನು ಆಕೆ ಪರ್ಸಿನಿಂದ ತೆಗೆದು ಎಸೆದಿರಲಿಲ್ಲ.

ಚಾಂದಸಾಬ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವನು. ಈಗಲೂ ಕಂಪ್ಯೂಟರ್ ಮೊಂಡು ಹಿಡಿದರೆ ರೇಡಿಯೋಕ್ಕೆ ಬಡಿದಂತೆ ಅದರ ಬೆನ್ನಿಗೊಂದು ಮೆಲ್ಲಗೆ ಬಡಿಯುತ್ತಾನೆ. ಮೊದಲ ವಾರ ಆಕೆಯ ಕಂಪ್ಯೂಟರಿನಲ್ಲಿ ಹಸುವಿನ ಕರುಳಿನ ಚಿತ್ರ ಕಂಡು ಕಾಲೇಜಿನ ಇಬ್ಬರು ತರುಣರು, ಏ ಚಾಂದಭಾಯಿ, ಮಟನ್ ಅಂಗಡಿ ಯಾವಾಗ ತಗದಿ ಅಂದಿದ್ದರು. "ಲೇ, ಅವರು ಓದಾಕತ್ತಾರ. ನೀವು ಏನ ನೋಡಾಕತ್ತೀರಿ ಅನ್ನೂದು ಹೇಳ್ಲೇನು ಎಲ್ಲಾರ ಮುಂದ?" ಎಂದು ಅವನು ಅವರ ಬಾಯಿ ಮುಚ್ಚಿಸಿದ್ದ. ಮುಂದಿನ ಗುರುವಾರ ಬಂದು ನೋಡಿದರೆ ಮೂರನೆಯ ಕುರ್ಚಿಗೆ ಮಾತ್ರ ಒಂದು ಪರದೆ, ಅವನ ಹೆಂಡತಿಯ ಹಳೆಯ ಸೀರೆಯದು. ಆ ಬಗ್ಗೆ ಅವನೂ ಮಾತಾಡಲಿಲ್ಲ, ಆಕೆಯೂ ಮಾತಾಡಲಿಲ್ಲ. ಈ ಊರಿನಲ್ಲಿ ಒಳ್ಳೆಯದನ್ನು ಮಾಡಿದವರು ಸಿಕ್ಕಿಬಿದ್ದವರಂತೆ ನಾಚುತ್ತಾರೆ.

ಈಗ ಆ ಪರದೆಯ ಹಿಂದೆ ಚಿತ್ರ ಪೂರ್ತಿಯಾಗಿತ್ತು. ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕೇ ಸಾಲು. ಕುರಿಗಳ ದೇಹ ತಾಮ್ರವನ್ನು ಹೊರಗೆ ಹಾಕಲಾರದು. ದನಗಳಿಗೆಂದು ಮಾಡಿದ ಖನಿಜದ ಪುಡಿ ಕುರಿಗೆ ತಿನ್ನಿಸಿದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಏನೂ ಕಾಣುವುದಿಲ್ಲ. ತಾಮ್ರ ಯಕೃತ್ತಿನಲ್ಲಿ ಕೂಡುತ್ತಾ ಹೋಗುತ್ತದೆ. ಒಂದು ದಿನ ದೂರ ನಡೆಸಿದಾಗಲೋ, ಬಿಸಿಲಲ್ಲಿ ದಣಿದಾಗಲೋ ಅದೆಲ್ಲ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. ಮೂತ್ರ ಕೆಂಪಾಗುತ್ತದೆ, ಕಣ್ಣು ಹಳದಿಯಾಗುತ್ತದೆ, ಎರಡು ದಿನದಲ್ಲಿ ಸಾವು. ಓದುತ್ತಾ ಓದುತ್ತಾ ಆಕೆಗೆ ಅದು ಪಾಠ ಅನ್ನಿಸಲಿಲ್ಲ, ಯಾರೋ ಅಲ್ಲಿ ನಿಂತು ನೋಡಿ ಬರೆದದ್ದು ಅನ್ನಿಸಿತು. ಕಾಲೇಜಿನಲ್ಲಿ ಇದನ್ನು ಹೇಳಿರಲಿಲ್ಲವೆಂದಲ್ಲ. ಹೇಳಿದ್ದರು, ಹೊರದೇಶದ ಕುರಿಗಳ ಕಾಯಿಲೆ ಎಂದು ಒಂದು ಮಾತಿನಲ್ಲಿ ದಾಟಿದ್ದರು, ಪರೀಕ್ಷೆಗೆ ಬಂದಿರಲಿಲ್ಲ. ಮನೆಯ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಆ ದಪ್ಪ ಪುಸ್ತಕ ಇನ್ನೂ ಇದೆ. ಆ ಪುಟದಲ್ಲಿ ತಾನೇ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳೋ ಏನೋ. ಅದನ್ನು ತೆಗೆದು ನೋಡಬಾರದು ಎಂದು ಅಲ್ಲೇ ಕುಳಿತಲ್ಲೇ ನಿರ್ಧರಿಸಿದಳು.

ಎಂಟು ವರ್ಷದ ಹಿಂದಿನ ಪಂಚಮಿಯ ಹೊತ್ತಿಗೆ ಅಂಥದೇ ಪುಡಿಯನ್ನು ತಾನೇ ಕೊಟ್ಟಿದ್ದಳು. ಆಗ ಬೇವೂರಿನ ಕಡೆಯ ಸಣ್ಣ ದವಾಖಾನೆಯೊಂದರಲ್ಲಿ ಆಕೆಗೆ ಕೆಲಸ. ದನಗಳಿಗೆಂದು ಬಂದ ಪುಡಿಯಲ್ಲಿ ಎರಡು ಚೀಲ ಮಿಕ್ಕಿದ್ದವು, ಮಳೆಗೆ ನೆನೆದು ಗಂಟು ಕಟ್ಟುವುದರಲ್ಲಿದ್ದವು. ಕುರಿ ಕಾಯುವ ಅಮಸಿದ್ದಪ್ಪ ಅದೇ ದಿನ ಕುಂಟುವ ಟಗರನ್ನು ಹೊತ್ತುಕೊಂಡು ಬಂದಿದ್ದ. ಎಂಟು ಮೈಲಿ ಹೊತ್ತು ತಂದಿದ್ದ. ಹೆಗಲ ಮೇಲಿನ ಕಂಬಳಿ ತೊಯ್ದು ನಾರುತ್ತಿತ್ತು, ಟಗರಿನದು ಯಾವ ವಾಸನೆ ಅವನದು ಯಾವ ವಾಸನೆ ಗೊತ್ತಾಗುತ್ತಿರಲಿಲ್ಲ. ಆಕೆಗೆ ಏನೋ ಕನಿಕರ ಉಕ್ಕಿತು. ಒಯ್ಯಪ್ಪಾ, ದಿನಾ ಒಂದೊಂದು ಹಿಡಿ ನುಚ್ಚಿನಾಗ ಕಲಸಿ ಹಾಕು, ಕುರಿ ಗಟ್ಟಿ ಆಗ್ತಾವ ಎಂದು ಎರಡೂ ಚೀಲ ಕೊಟ್ಟುಬಿಟ್ಟಳು. ಚೀಲದ ಮೇಲೆ ಹಸುವಿನ ಚಿತ್ರವಿತ್ತು. ಹಸುವಿಗೆ ಒಳ್ಳೆಯದಾದದ್ದು ಕುರಿಗೆ ಏಕೆ ಕೆಡುಕಾಗಬೇಕು? ಅವನು ಚೀಲಕ್ಕೆ ಕೈಮುಗಿದ, ಆಕೆಗಲ್ಲ. ಆ ದಿನ ಆಕೆ ಊಟ ಮಾಡುವಾಗ ಎಂದಿಗಿಂತ ಹಸಿವಾಗಿತ್ತು. ಒಳ್ಳೆಯ ಕೆಲಸ ಮಾಡಿದ ಹಸಿವು. ಆ ಹಸಿವಿನ ನೆನಪೇ ಈಗ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ದಸರೆ ಮುಗಿದ ಮೇಲೆ ಅವನ ಕಡೆಯಿಂದ ಕರೆ ಬಂತು. ಹೋಗಿ ನೋಡಿದರೆ ಹಟ್ಟಿಯ ಪಕ್ಕದ ಬಯಲಿನಲ್ಲಿ ಕುರಿಗಳನ್ನು ಸಾಲಾಗಿ ಮಲಗಿಸಿದ್ದರು, ಎಂಬತ್ತರಲ್ಲಿ ಮೂವತ್ತೊಂದು. ಅಮಸಿದ್ದಪ್ಪ ಜ್ವರದಿಂದ ಎದ್ದು ನಾಲ್ಕು ದಿನವಾಗಿತ್ತು, ಕಂಬಳಿ ಹೊದ್ದು ಕಲ್ಲಿನ ಮೇಲೆ ಕುಳಿತಿದ್ದ. ಅವನು ಮಲಗಿದ್ದಾಗ ಹೆಂಡತಿ ಹನಮವ್ವ ಕುರಿಗಳನ್ನು ಹೊಳೆಯ ಕಡೆಗೆ ದೂರ ಹೊಡೆದುಕೊಂಡು ಹೋಗಿದ್ದಳು, ಹತ್ತಿ ಹೊಲಗಳ ಬದುವಿನಗುಂಟ. ಹತ್ತಿಗೆ ಔಷಧ ಹೊಡೆಯುವ ಕಾಲ. ಅದಾದ ಎರಡನೆಯ ದಿನಕ್ಕೇ ಸಾವು ಹತ್ತಿತು. ಶಾಕಂಬರಿ ಒಂದು ಕುರಿ ಕೊಯ್ದಳು. ಹಳದಿ ಮಾಂಸ, ಆ ಬಣ್ಣದ ಮೂತ್ರಪಿಂಡ. ಅದನ್ನು ಬಿಸಿಲಿಗೆ ತಿರುಗಿಸಿ ನೋಡಿದಳು. ಆಗ ಹನಮವ್ವ ಪಕ್ಕಕ್ಕೆ ಬಂದು ಕುಕ್ಕರಗಾಲಿನಲ್ಲಿ ಕುಳಿತು, ಗಂಡನಿಗೆ ಕೇಳದಷ್ಟು ಸಣ್ಣ ದನಿಯಲ್ಲಿ, "ಅಕ್ಕಾರ, ನಾ ಹತ್ತಿ ಹೊಲಕ್ಕ ಹೋಗೂದಕ್ಕ ಮುಂಚಿನ ದಿನಾನ ಒಂದು ಕುರಿ ಕೆಂಪಗ ಉಚ್ಚಿ ಹೊಯ್ದಿತ್ರಿ" ಎಂದಳು. ಆ ದನಿ ಈಗ ಈ ಅಂಗಡಿಯಲ್ಲಿ, ಸೀರೆಯ ಪರದೆಯ ಹಿಂದೆ, ಕೀಬೋರ್ಡಿನ ಟಕಟಕದ ನಡುವೆ ಮತ್ತೆ ಬಂತು. ಆಗ ಶಾಕಂಬರಿಗೆ ಅನ್ನಿಸಿದ್ದು, ಪಾಪ, ತಪ್ಪು ಮುಚ್ಚಿಕೊಳ್ಳುತ್ತಿದ್ದಾಳೆ ಎಂದು. ಗದರಿಸಲಿಲ್ಲ. ಇರಲಿ ಬಿಡವ್ವ, ಆದದ್ದಾತು ಎಂದು ಭುಜ ತಟ್ಟಿದಳು. ತಟ್ಟಿದ್ದೇ ಅನ್ಯಾಯವಾಯಿತು, ಗದರಿಸಿದ್ದರೆ ಆ ಹೆಂಗಸು ವಾದವನ್ನಾದರೂ ಮಾಡುತ್ತಿದ್ದಳೇನೋ. ಆಮೇಲೆ ಎದ್ದು ನಿಂತು ಎಲ್ಲರಿಗೂ ಕೇಳುವಂತೆ, ಔಷಧ ಹೊಡೆದ ಹೊಲದಾಗ ಬಾಯಿ ಹಾಕ್ಯಾವು ಎಂದು ಹೇಳಿದಳು. ರಿಜಿಸ್ಟರಿನಲ್ಲಿ ಬರೆದಳು: ಕೀಟನಾಶಕ ವಿಷ, ಕಾಯುವವರ ಅಲಕ್ಷ್ಯ. ಅಮಸಿದ್ದಪ್ಪ ಕುಳಿತಲ್ಲಿಂದ ಏಳದೆ, ಹೆಂಡತಿಯ ಕಡೆ ನೋಡದೆ, "ನಿನ್ನ ಕಾಲ ದಡ್ಡಿಗೆ ಆಗಿ ಬರೂದಿಲ್ಲ" ಎಂದಿದ್ದ. ದಡ್ಡಿ ಎಂದರೆ ಕುರಿಗಳನ್ನು ಕೂಡಿಹಾಕುವ ಮುಳ್ಳಿನ ಬೇಲಿಯ ಆವಾರ. ಕುರಿ ಕಾಯುವವರಿಗೆ ಅದು ಮನೆಗಿಂತ ಹೆಚ್ಚು.

ಪಾಠದ ಕೊನೆಗೆ ಪ್ರಶ್ನೆ ಬಂತು. ಮೂವತ್ತು ಕುರಿ ಸತ್ತಿವೆ, ಮೂತ್ರಪಿಂಡ ಚಿತ್ರದಲ್ಲಿ ಇರುವಂತೆ ಇದೆ, ಕಾಯುವವರನ್ನು ಮೊದಲು ಏನು ಕೇಳುತ್ತೀರಿ? ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಎರಡು ತಿಂಗಳಿಂದ ಏನು ತಿನ್ನಿಸಿದ್ದೀರಿ, ಎಂಬುದರ ಮೇಲೆ ಒತ್ತಿದಳು. ಹಸಿರು ಗುರುತು ಬಂತು. ಸರಿ ಉತ್ತರ, ಅಭಿನಂದನೆಗಳು. ಚಹಾ ಹಿಡಿದು ಪರದೆ ಸರಿಸಿದ ಚಾಂದಸಾಬ ಹಸಿರು ಕಂಡು, ಪಾಸಾದ್ರಲ್ಲ ಮೇಡಂ ಎಂದು ತಾನೇ ಪಾಸಾದಂತೆ ನಕ್ಕ. ಆಕೆಗೆ ಅವನ ಮುಖ ನೋಡುವುದಾಗಲಿಲ್ಲ. ಕರೆಂಟು ಹೋದೀತೆಂದು ಅವನು ಆ ಪಾಠವನ್ನು ಆಗಲೇ ಪ್ರಿಂಟು ತೆಗೆದಿದ್ದ. ಕರಿ ಬಿಳುಪಿನಲ್ಲಿ ಆ ಮೂತ್ರಪಿಂಡ ಒಂದು ಕಲ್ಲಿನಂತೆ ಕಾಣುತ್ತಿತ್ತು. ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಹುನಗುಂದಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗ್ರ್ಯಾನೈಟಿನ ಕಲ್ಲು ಕೊಯ್ಯುವ ಧೂಳು ರಸ್ತೆಯಂಚಿನ ಬೇವಿನ ಗಿಡಗಳನ್ನು ಮುದಿಯಾಗಿಸಿತ್ತು. ಅಪ್ಪ ಅಮರಪ್ಪನ ನೆನಪು ಕರೆಯದೆ ಬಂದು ಪಕ್ಕದಲ್ಲಿ ಕುಳಿತಿತು. ಅವನ ಮಗ್ಗದ ಸದ್ದು ನಿಂತು ಎಷ್ಟೋ ವರ್ಷವಾಗಿದ್ದರೂ ಆಕೆಯ ಮೊಣಕಾಲು ಇನ್ನೂ ಅದೇ ತಾಳದಲ್ಲಿ ಅಲುಗುತ್ತದೆ. ಸೀರೆಯ ಮೈಯ ಹಾಸಿಗೂ, ಅಂದರೆ ಉದ್ದದ ಎಳೆಗಳಿಗೂ, ಸೆರಗಿನ ಹಾಸಿಗೂ ಒಂದೊಂದೇ ಎಳೆಯ ಕೊಂಡಿ ಹಾಕಿ ಕೂಡಿಸುವ ಕೆಲಸ ಅವ್ವನದು. ದೀಪದ ಎದುರು ಅಲ್ಲ, ಬಾಗಿಲಿನ ಬೆಳಕಿನಲ್ಲಿ ಕುಳಿತು ಮಾಡುತ್ತಿದ್ದಳು. ಒಂದು ಎಳೆ ತಪ್ಪಿದರೂ ಸೆರಗಿನಲ್ಲಿ ಸಣ್ಣ ಗೀರು ಉಳಿಯುತ್ತದೆ. ಅಂಥದ್ದು ಬಂದಾಗ ಅಪ್ಪ ಒಂದು ಮಾತೂ ಆಡುತ್ತಿರಲಿಲ್ಲ. ಸೀರೆ ಮಡಚುವಾಗ ಆ ಗೀರು ಒಳಮಡಿಕೆಗೆ ಬರುವಂತೆ ಮಡಚುತ್ತಿದ್ದ, ಅಷ್ಟೇ. ಎಷ್ಟು ಚೆಂದ ಮಡಚುತ್ತಿದ್ದ! ಮಗಳನ್ನು ದನದ ಡಾಕ್ಟರಕಿ ಓದಲು ಕಳಿಸಿದಾಗ ಓಣಿಯವರು ನಕ್ಕದ್ದನ್ನೂ ಅವನು ಹಾಗೆಯೇ ಒಳಮಡಿಕೆಗೆ ಹಾಕಿಕೊಂಡಿದ್ದ. ಆಕೆಗೆ ಅವನ ಮೇಲೆ ಪ್ರೀತಿ ಉಕ್ಕಿತು, ಜೊತೆಗೇ ಒಂದು ಹೆದರಿಕೆ. ಆ ಕೈ ತನ್ನದೂ ಆಗಿದೆ. ಕಾಯುವವರ ಅಲಕ್ಷ್ಯ ಎಂದು ಬರೆದ ರಿಜಿಸ್ಟರು ಈಗ ಯಾವುದೋ ಕಪಾಟಿನಲ್ಲಿ ಗೀರು ಒಳಗಾಗುವಂತೆ ಮಡಚಿಕೊಂಡು ಕುಳಿತಿದೆ.

ಬೇವೂರಿನಿಂದ ವರ್ಗವಾದ ಮೇಲೂ ಅಮಸಿದ್ದಪ್ಪ ಆಕೆಯನ್ನು ಬಿಟ್ಟಿರಲಿಲ್ಲ. ಡಾಕ್ಟರ ಬಾಯಾರ ಕೈಗುಣ ಬ್ಯಾರೆ ಎಂದು ವರ್ಷಕ್ಕೆ ಎರಡು ಮೂರು ಸಲ ಹುನಗುಂದಕ್ಕೆ ಬಂದು ಕರೆದೊಯ್ಯುತ್ತಿದ್ದ. ಪ್ರತಿ ಸಲವೂ ಆಕೆ ದಡ್ಡಿಯ ಒಳಗೆ ಕುರಿ ನೋಡುತ್ತಿದ್ದಾಗ ಹನಮವ್ವ ಚಹಾ ತರುತ್ತಿದ್ದಳು. ಮುಳ್ಳಿನ ಬೇಲಿಯ ಹೊರಗೆ ನಿಂತು, ಸೆರಗಿನಿಂದ ಗ್ಲಾಸು ಹಿಡಿದು, ತುದಿಗಾಲ ಮೇಲೆ ಎದ್ದು ಬೇಲಿಯ ಮೇಲಿನಿಂದ ಕೈ ಚಾಚುತ್ತಿದ್ದಳು. ಜಾಲಿಮುಳ್ಳು ತೋಳಿಗೆ ಗೀರುತ್ತಿತ್ತು. ಒಳಗೆ ಬಾ ಅಂದರೆ ನಗುತ್ತಿದ್ದಳು. ಒಮ್ಮೆ ಅಮಸಿದ್ದಪ್ಪನೇ ಹೇಳಿದ್ದ, ಆಕಿ ಬರಂಗಿಲ್ರಿ, ಬೀರಪ್ಪನ ಭಂಡಾರ ಮುಟ್ಟಿ ದಡ್ಡಿ ತುಳಿಯಂಗಿಲ್ಲಂತ ಆಣಿ ಮಾಡ್ಯಾಳ, ತನ್ನ ತಪ್ಪಿಗೆ ಸತ್ತಾವಂತ. ಭಂಡಾರವೆಂದರೆ ದೇವರ ಅರಿಷಿಣ. ಅದನ್ನು ಮುಟ್ಟಿ ಆಡಿದ ಮಾತು ಅವರಲ್ಲಿ ಕಲ್ಲಿನ ಮೇಲೆ ಕೊರೆದದ್ದು. ಆಗ ಶಾಕಂಬರಿ, ಈ ಜನರ ನಂಬಿಕೆ ಇವರಿಗೆ ಎಂದುಕೊಂಡು ಚಹಾ ಕುಡಿದಿದ್ದಳು. ಬಹಳ ರುಚಿಯಾಗಿತ್ತು, ಕುರಿಹಾಲಿನ ಚಹಾ. ಎಂಟು ವರ್ಷ ಕುಡಿದಿದ್ದಳು. ಕುರಿಯ ಹೊಟ್ಟೆಯಲ್ಲಿ ಅಡ್ಡಸಿಕ್ಕ ಮರಿಯನ್ನು ತಿರುಗಿಸುವುದಕ್ಕೆ ಆ ಸುತ್ತಿನಲ್ಲಿ ಹನಮವ್ವನ ಕೈಯಂಥ ಕೈ ಇನ್ನೊಂದಿರಲಿಲ್ಲವಂತೆ. ಸಣ್ಣ ಕೈ, ಹತ್ತು ವರ್ಷದವಳದು ಅನ್ನಬೇಕು. ಆ ಕೈ ಎಂಟು ವರ್ಷದಿಂದ ಉಣ್ಣೆ ನೂಲುತ್ತಿದೆ, ಚಹಾ ಚಾಚುತ್ತಿದೆ.

ಮುಂದಿನ ಗುರುವಾರ ಆಕೆ ಪಾಠ ತೆರೆಯಲಿಲ್ಲ. ಅದೇ ವೆಬ್‌ಸೈಟಿನಲ್ಲಿ ಡಾಕ್ಟರುಗಳು ಒಬ್ಬರಿಗೊಬ್ಬರು ಬರೆದು ಕೇಳುವ ಜಾಗವಿತ್ತು. ಒಂದು ತಾಸು ಕುಳಿತು ಹನ್ನೆರಡು ಸಾಲು ಬರೆದಳು. ಕುರಿಗಳ ಸಂಖ್ಯೆ, ಪುಡಿ, ಮೂತ್ರಪಿಂಡ, ಕಾಯುವವಳು ಹೇಳಿದ ಕೆಂಪು ಮೂತ್ರ, ಎಲ್ಲವನ್ನೂ. ಕೊನೆಗೆ, ಇದು ನನ್ನ ಸಹೋದ್ಯೋಗಿಯೊಬ್ಬರಿಗೆ ಆದದ್ದು, ಅವರು ಈಗ ಏನು ಮಾಡಬೇಕು ಎಂದು ಕೇಳಿದಳು. ಸಹೋದ್ಯೋಗಿ ಎಂಬ ಪದವನ್ನು ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿ, ಮತ್ತೆ ಬರೆದಳು. ಹಾಗೆಯೇ ಕಳಿಸಿದಳು. ಹೆಸರೂ ಮುಖವೂ ಗೊತ್ತಿಲ್ಲದವರ ಎದುರಿಗೂ ಮಡಿಕೆ!

ಮರುವಾರ ಒಂದೇ ಒಂದು ಉತ್ತರ ಬಂದಿತ್ತು. ಸಮುದ್ರದಾಚೆ, ಮನುಷ್ಯರಿಗಿಂತ ಕುರಿಗಳೇ ಹೆಚ್ಚಿರುವ ನಾಡಿನ ಒಬ್ಬ ನಿವೃತ್ತ ಡಾಕ್ಟರು ಬರೆದಿದ್ದರು. ರೋಗ ಅದೇ, ಸಂಶಯವಿಲ್ಲ ಎಂದು ಮೊದಲ ಸಾಲಿನಲ್ಲೇ ಹೇಳಿ, ಆಮೇಲೆ: ನಿಮ್ಮ ಸಹೋದ್ಯೋಗಿಗೆ ನನ್ನ ನಮಸ್ಕಾರ ತಿಳಿಸಿ. ನನ್ನ ಮೂವತ್ತನೆಯ ವಯಸ್ಸಿನಲ್ಲಿ ಹಂದಿಗಳಿಗೆ ಮಾಡಿದ ಮೇವನ್ನು ನಾನು ಒಬ್ಬ ರೈತನ ಕುರಿಗಳಿಗೆ ಹಾಕಿಸಿದೆ, ಅವನ ಮೇಲಿನ ಪ್ರೀತಿಗೇ. ಅರ್ಧ ಹಿಂಡು ಹೋಯಿತು. ನನಗೆ ಕಾರಣ ತಿಳಿಯುವುದಕ್ಕೆ ಹತ್ತು ವರ್ಷ ಹಿಡಿಯಿತು, ಹೇಳಬೇಕು ಎಂದು ಧೈರ್ಯ ಮಾಡುವುದಕ್ಕೆ ಇನ್ನೂ ಆರು. ಅಷ್ಟರಲ್ಲಿ ಅವನು ತೀರಿಕೊಂಡಿದ್ದ. ನಿಮ್ಮ ಸಹೋದ್ಯೋಗಿಯ ಕುರಿಯವರು ಬದುಕಿದ್ದಾರೆಯೆ? ಆಕೆ ಅದನ್ನು ಮೂರು ಸಲ ಓದಿದಳು. ಸಹೋದ್ಯೋಗಿ ಎಂಬ ಪದ ಬಂದಲ್ಲೆಲ್ಲ ಆ ಮುದುಕ ತಲೆ ತಗ್ಗಿಸಿ ಬಸ್ಸಿನ ಟಿಕೀಟಿನ ಹಿಂದೆ ಬರೆಯುತ್ತಿದ್ದಂತೆ ಅನ್ನಿಸಿತು. ಎಲ್ಲ ಗೊತ್ತಿದ್ದೂ ಗೊತ್ತಿಲ್ಲದವನಂತೆ ಬರೆದಿದ್ದ. ಪರದೆಯ ಆಚೆಯಿಂದ ಚಾಂದಸಾಬ, ಇನ್ನೊಂದು ಚಹಾ ಕಳಸ್ಲೇನ್ರಿ ಎಂದು ಕೇಳಿದ. ಬೇಡ ಎಂದಳು. ಎದ್ದು ಹೊರಗೆ ಬಂದಾಗ, ಮುಂದಿನ ಗುರುವಾರ ಬರ್ತೀರಲ್ಲಾ ಎಂದ. ಕುರ್ಚಿ ಹಿಡಿದಿಡಬೇಕೋ ಬೇಡವೋ ಎನ್ನುವಷ್ಟೇ ಕೇಳಿದ್ದು. ಆಕೆ ಮಾತ್ರ, ಭಾನುವಾರ ಬೇವೂರಿಗೆ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದಳು.

ಭಾನುವಾರ ಬೆಳಿಗ್ಗೆ ಬೇವೂರಿನಲ್ಲಿ ಬಸ್ಸಿಳಿದು ನಡೆದಳು. ಬಿಳಿಜೋಳ ಕೊಯ್ಯುವ ದಿನಗಳು, ಗಾಳಿಯಲ್ಲಿ ದಂಟಿನ ಸಿಹಿ ವಾಸನೆ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿದಳು, ಕೆಡವಿದಳು. ನನಗ ಆಗ ಗೊತ್ತಿರಲಿಲ್ಲ ಎಂದು ಶುರು ಮಾಡಬೇಕು. ಅಲ್ಲ, ಅದು ಮಡಚುವ ಮಾತು. ಪುಡಿ ಸರಕಾರದ್ದು ಅನ್ನಬಹುದು. ಅದೂ ಮಡಿಕೆ. ಕಾಲೇಜಿಗೆ ಹೋಗುವಾಗ ಅಪ್ಪ ಬಸ್ ನಿಲ್ದಾಣಕ್ಕೆ ಬಂದು, ಏನಾರ ತಪ್ಪಿದ್ರ ಬರಿ ಎಂದಿದ್ದ; ಏನೂ ತಪ್ಪಿಲ್ಲ ಎಂದೇ ಐದು ವರ್ಷ ಕಾಗದ ಬರೆದಿದ್ದಳು, ಮೊದಲ ವರ್ಷ ಫೇಲಾದಾಗಲೂ. ಆ ಕಾಗದಗಳನ್ನೆಲ್ಲ ಅಪ್ಪ ಪೆಟ್ಟಿಗೆಯಲ್ಲಿ ಇಟ್ಟಿದ್ದ. ಅವನಿಗೂ ಗೊತ್ತಿತ್ತೇನೋ.

ದಡ್ಡಿಯ ಹತ್ತಿರ ಬಂದಾಗ ಅಮಸಿದ್ದಪ್ಪ ಆಕೆಯನ್ನು ಕಂಡು ದೇವರನ್ನು ಕಂಡಂತೆ ಎದ್ದು ಬಂದ. ಬಾಯಾರ, ಯಾರ ಕಡಿ ಹೇಳಿ ಕಳಸ್ಲಿ ಅನ್ನಾಕತ್ತಿದ್ದೆ ನೋಡ್ರಿ, ನಿಮಗ ಹೆಂಗ ತಿಳೀತು ಎಂದ. ನಸುಕಿನಿಂದ ಒಂದು ಕುರಿ ಮರಿ ಹಾಕಲಾರದೆ ಒದ್ದಾಡುತ್ತಿತ್ತು. ಆಕೆ ಏನೂ ಹೇಳಲಾಗದೆ ಬ್ಯಾಗು ಇಟ್ಟು, ಸೆರಗು ಸಿಕ್ಕಿಸಿ, ಕೈಗೆ ಸಾಬೂನು ಹಚ್ಚಿ ನೆಲಕ್ಕೆ ಕುಳಿತಳು. ಕುರಿಯ ತಲೆಯನ್ನು ಅವನು ತೊಡೆಯ ಮೇಲೆ ಹಿಡಿದುಕೊಂಡ. ಆಕೆಯ ಬೆರಳುಗಳ ಗಂಟುಗಳು ಎರಡು ಚಳಿಗಾಲದಿಂದ ಊದಿಕೊಂಡಿದ್ದವು. ಒಳಗೆ ಒಂದು ಗೊರಸು ಸಿಕ್ಕಿತು, ತಲೆ ಸಿಕ್ಕಿತು, ಇನ್ನೊಂದು ಕಾಲು ಎಲ್ಲೋ ಹಿಂದಕ್ಕೆ ಮಡಚಿಕೊಂಡಿತ್ತು. ಕೈ ಅಲ್ಲಿಯ ತನಕ ಹೋಗುತ್ತಿರಲಿಲ್ಲ. ಕುರಿ ನರಳಿತು. ಆಕೆ ಕೈ ಹಿಂದಕ್ಕೆ ತೆಗೆದಳು, ಮತ್ತೆ ಹಾಕಿದಳು.

ಹನಮವ್ವ ಚಹಾ ತಂದಳು. ಯಾವಾಗಲೂ ನಿಲ್ಲುವ ಜಾಗದಲ್ಲೇ ನಿಂತು, ತುದಿಗಾಲ ಮೇಲೆ ಎದ್ದು, ಮುಳ್ಳಿನ ಮೇಲಿನಿಂದ ಕೈ ಚಾಚಿದಳು. ತಗೋರಿ ಅಕ್ಕಾರ, ಆರತೈತಿ ಎಂದಳು. ಶಾಕಂಬರಿಯ ಎರಡೂ ಕೈ ಮೊಣಕೈಯ ತನಕ ಲೋಳೆ. ಗ್ಲಾಸು ಬೇಲಿಯ ಮೇಲೆ ಹಾಗೇ ನಿಂತಿತು. ಅದರ ಆವಿ ನೋಡುತ್ತಾ ಆಕೆ ಹೇಳಿಬಿಟ್ಟಳು. ಜೋಡಿಸಿದ್ದ ಮಾತು ಒಂದೂ ಬರಲಿಲ್ಲ.

"ಹನಮವ್ವ, ಆ ವರ್ಷ ಕುರಿ ಸತ್ತದ್ದು ಹತ್ತಿ ಹೊಲದ ಔಷಧಿಯಿಂದ ಅಲ್ಲ. ನಾ ಕೊಟ್ಟ ಪುಡಿಯಿಂದ. ದನದ ಪುಡಿ ಅದು. ಕುರಿಗೆ ವಿಷ ಆಗತೈತಿ. ನನಗ ಈಗ ತಿಳೀತು."

ಕುರಿಯ ತಲೆ ಹಿಡಿದಿದ್ದ ಅಮಸಿದ್ದಪ್ಪನ ಕೈ ಸಡಿಲಾಗಿ ಮತ್ತೆ ಬಿಗಿಯಾಯಿತು. ಹನಮವ್ವ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳದೆ, ಎಂಟು ವರ್ಷದ ಹಿಂದಿನ ಅದೇ ಸಣ್ಣ ದನಿಯಲ್ಲಿ ಕೇಳಿದಳು.

"ನಾ ಅವತ್ತು ಹೇಳಿದ್ದೆನಲ್ರಿ. ಮುಂಚಿನ ದಿನಾನ ಕೆಂಪಗ ಹೊಯ್ದಿತ್ತಂತ."

"ಹೇಳಿದ್ದಿ. ನಾ ಕೇಳಲಿಲ್ಲ."

ಹನಮವ್ವ ಗಂಡನ ಕಡೆ ನೋಡಿದಳು. ಹೆಸರು ಹಿಡಿಯದೆ, ಮೈಗೆ ತಾಕುವಂತೆ, "ಕೇಳಿದ್ರೇನು?" ಎಂದಳು. ಅವನು ಕುರಿಯ ಕಿವಿಯನ್ನೇ ನೋಡುತ್ತಿದ್ದ. ಹೂಂ ಅಂದನೋ, ಉಸಿರು ಬಿಟ್ಟನೋ. ಆಮೇಲೆ ಹನಮವ್ವ ಗ್ಲಾಸನ್ನು ಹಿಂದಕ್ಕೆ ತೆಗೆದುಕೊಂಡು, ತಿರುಗಿ ಮನೆಯ ಕಡೆಗೆ ಹೋದಳು. ಚಹಾ ಚೆಲ್ಲಿದ ಸದ್ದು ಕೇಳಿಸಿತು.

ಹೋಗಲಿ, ಎಂದುಕೊಂಡಳು ಶಾಕಂಬರಿ. ಇದಕ್ಕೇ ಬಂದದ್ದು. ಈ ಮನೆಯ ಚಹಾ ಇನ್ನು ಇಲ್ಲ, ಈ ದಾರಿಯೂ ಇಲ್ಲ. ಅಮಸಿದ್ದಪ್ಪನಾದರೂ ಬಯ್ಯಬಾರದೆ ಅನ್ನಿಸಿತು. ಅವನು ಬಯ್ಯಲಿಲ್ಲ. ನಾಲ್ಕು ದಿನಾ ಉಂಡಿರಲಿಲ್ಲರಿ ಆಕಿ ಆಗ, ಎಂದು ಮಾತ್ರ ಹೇಳಿದ, ಆಕೆಗಲ್ಲ, ಕುರಿಗೆ ಎಂಬಂತೆ. ಆಕೆ ಮತ್ತೆ ಕೈ ಹಾಕಿದಳು. ಕುರಿ ಈಗ ನರಳುವುದನ್ನೂ ಬಿಟ್ಟಿತ್ತು. ಬೆರಳ ಗಂಟು ಎಲುಬಿಗೆ ತಾಗಿ ಕಣ್ಣಲ್ಲಿ ನೀರು ಬಂತು. ಆ ಮಡಚಿದ ಕಾಲು ಬೆರಳ ತುದಿಗೆ ತಾಗುತ್ತಿತ್ತು, ಸಿಗುತ್ತಿರಲಿಲ್ಲ. ಪುಸ್ತಕದ ಚಿತ್ರಗಳು, ವೆಬ್‌ಸೈಟಿನ ಚಿತ್ರಗಳು, ಬಾಣದ ಗುರುತು ಹಾಕಿದ ಮರಿಯ ಭಂಗಿಗಳು ಎಲ್ಲ ಕಣ್ಣ ಮುಂದೆ ಇದ್ದವು. ಎಲ್ಲಿ ಏನಿದೆ ಎಂದು ಗೊತ್ತಿತ್ತು. ಕೈ ಹೋಗುತ್ತಿರಲಿಲ್ಲ.

ಮುಳ್ಳು ಸರಿದ ಸಪ್ಪಳವಾಯಿತು. ತಲೆ ಎತ್ತಿ ನೋಡಿದರೆ ಅಮಸಿದ್ದಪ್ಪ ಯಾವಾಗ ಎದ್ದಿದ್ದನೋ, ಬೇಲಿಯ ಬಾಯಿಗೆ ಅಡ್ಡ ಇಟ್ಟಿದ್ದ ಜಾಲಿಯ ದೊಡ್ಡ ಕಂಟಿಯನ್ನು ಎರಡೂ ಕೈಯಿಂದ ಎತ್ತಿ ಹಿಡಿದು, ಪಕ್ಕಕ್ಕೆ ನಿಂತಿದ್ದ. ಮುಳ್ಳು ಅಂಗೈಗೆ ಚುಚ್ಚುತ್ತಿರಬೇಕು, ಇಳಿಸಲಿಲ್ಲ. ಆಚೆ ಹನಮವ್ವ ನಿಂತಿದ್ದಳು. ಒಂದು ಕೈಯಲ್ಲಿ ಬಿಸಿನೀರಿನ ತಂಬಿಗೆ. ಹಣೆಯ ತುಂಬ, ಬೀರಪ್ಪನ ಮುಂದೆ ಆಣೆ ಇಳಿಸಿ ಬಂದವಳಂತೆ, ಈಗಷ್ಟೇ ಹಚ್ಚಿಕೊಂಡ ಭಂಡಾರ, ಹುಬ್ಬಿನ ಮೇಲೂ ಉದುರಿತ್ತು. ಕೈಯ ಹಸಿರು ಬಳೆಗಳನ್ನು ಮೊಣಕೈಯ ಮೇಲಕ್ಕೆ ಏರಿಸಿ ಬಟ್ಟೆ ಕಟ್ಟಿದ್ದಳು. ಗಂಡನನ್ನು ನೋಡಲಿಲ್ಲ. ಹೊಸ್ತಿಲು ದಾಟುವವರಂತೆ ಬಲಗಾಲನ್ನು ಮೊದಲು ಇಟ್ಟು ಒಳಗೆ ಬಂದಳು. ಕುರಿಗಳು ಒಮ್ಮೆ ಸರಿದು, ಮತ್ತೆ ನಿಂತವು.

"ಸರೀರಿ ಅಕ್ಕಾರ," ಎಂದಳು.

ಶಾಕಂಬರಿ ಸರಿದು ಕುರಿಯ ತಲೆಯ ಕಡೆ ಹೋಗಿ, ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹನಮವ್ವ ಕೈ ತೊಳೆದು, ಕುಕ್ಕರಗಾಲಿನಲ್ಲಿ ಕುಳಿತು, ಕಣ್ಣು ಮುಚ್ಚಿದಳು. ಆ ಸಣ್ಣ ಕೈ ಮಣಿಕಟ್ಟಿನ ತನಕ, ಆಮೇಲೆ ಅದಕ್ಕಿಂತ ಮೇಲಕ್ಕೆ, ಸದ್ದಿಲ್ಲದೆ ಒಳಗೆ ಹೋಯಿತು. ಮುಖ ಯಾವುದೋ ದೂರದ ಮಾತನ್ನು ಕೇಳಿಸಿಕೊಳ್ಳುತ್ತಿರುವವರಂತೆ ಓರೆಯಾಯಿತು. ಅವಳು ಏನಾದರೂ ಹೇಳಿದರೆ ಒಂದು ಅಕ್ಷರವೂ ತಪ್ಪಬಾರದು ಎಂದು ಶಾಕಂಬರಿ ಕಿವಿಗೊಟ್ಟು ಕಾದಳು. ಬೇಲಿಯ ಬಾಯಲ್ಲಿ ಅಮಸಿದ್ದಪ್ಪ ಕಂಟಿಯನ್ನು ಇನ್ನೂ ಎತ್ತಿ ಹಿಡಿದೇ ಇದ್ದ.

"ಒಂದ ಅಲ್ರೀ," ಎಂದಳು ಹನಮವ್ವ, ಕಣ್ಣು ತೆರೆಯದೆ. "ಎರಡ ಅದಾವ. ಹಿಂದಿಂದು ಮುಂದಿನದರ ಕಾಲ ಹಿ‌ಡಕೊಂಡೈತಿ."